ದಾದಿಯ ಅರ್ಥವೋ, ನಾಟಕದ ನಂಟೋ: ಯಾವ ‘ನೂರು ಕವಿತೆ’ ಕೊಳ್ಳುವುದು?

ಜಪಾನಿನ ಕವಿ ಫುಜಿವಾರಾ ನೊ ತೇಯ್ಕಾ 13ನೇ ಶತಮಾನದಲ್ಲಿ ನೂರು ಕವಿಗಳಿಂದ ಒಂದೊಂದು ಪದ್ಯ ಆರಿಸಿದ. ಆ ಪದ್ಯಗಳಿಗೆ ಬಂದ ಬಣ್ಣದ ಮರದಚ್ಚಿನ ಚಿತ್ರಮಾಲೆಗಳಲ್ಲಿ ಅಚ್ಚಿನ ಪ್ರತಿ ಕೊಳ್ಳುವವರು ಹೆಚ್ಚಾಗಿ ತಡಕಾಡುವುದು ಎರಡರ ನಡುವೆ.

ಒಂದು, 1835ರ ಸುಮಾರಿಗೆ ಚಿತ್ರಕಾರ ಹೊಕುಸಾಯ್ ಮಾಡಿದ್ದು. ಪದ್ಯಗಳನ್ನು ದಾದಿಯೊಬ್ಬಳು ತನಗೆ ತೋಚಿದಂತೆ ವಿವರಿಸುತ್ತಾಳೆ ಎಂಬುದು ಇದರ ನೆಪ. ಆ ನೂರು ಕವಿಗಳಲ್ಲೊಬ್ಬನಾದ ಹಿತೊಮಾರೊನ ಪದ್ಯ ನೋಡಿ: ಕಾಡುಕೋಳಿಯ ಬಾಲದಷ್ಟು ಉದ್ದದ ರಾತ್ರಿ, ಒಬ್ಬನೇ ಹೇಗೆ ಮಲಗಲಿ ಎಂಬ ಅಳಲು. ಚಿತ್ರದಲ್ಲಿ ಕೋಳಿಯೇ ಇಲ್ಲ! ಬೆಸ್ತರು ಬಲೆ ಎಳೆಯುತ್ತಿದ್ದಾರೆ, ಬೆಂಕಿಯ ಹೊಗೆ ಬಾಲದ ಹಾಗೆ ಬಾಗಿ ಮೇಲೇರಿದೆ. ಒಮ್ಮೆ ಹೊಳೆದರೆ ಮರೆಯುವುದಿಲ್ಲ. ಆದರೆ ಅಚ್ಚಾದದ್ದು 27 ಮಾತ್ರ. ಪೂರ್ತಿ ನೂರು ಬೇಕೆಂದರೆ ಸಿಗುವುದಿಲ್ಲ.

ಇನ್ನೊಂದು, 1840ರ ದಶಕದ ನಡುವೆ ಕುನಿಯೋಶಿ, ಹಿರೋಶಿಗೆ, ಕುನಿಸಾದಾ ಎಂಬ ಮೂವರು ಚಿತ್ರಕಾರರು ಹಂಚಿಕೊಂಡದ್ದು. ಇದು ನೂರೂ ಇದೆ, ಅರ್ಧದಷ್ಟು ಕುನಿಯೋಶಿಯವೇ. ನಟರ, ವೇಶ್ಯೆಯರ ಚಿತ್ರಕ್ಕೆ ಸರ್ಕಾರ ನಿಷೇಧ ಹೇರಿದ್ದ ಕಾಲ. ಹಾಗಾಗಿ ಕಬುಕಿ ನಾಟಕದ, ಯುದ್ಧಕಥೆಗಳ ಪಾತ್ರಗಳು ಪದ್ಯದ ಮರೆಯಲ್ಲಿ ಒಳಬಂದವು. ಮೇಲೆ ಪದ್ಯ, ಕೆಳಗೆ ಕಥೆ. ಆ ಕಥೆ ಗೊತ್ತಿಲ್ಲದವರಿಗೆ ನಂಟು ಹಿಡಿಯುವುದು ಕಷ್ಟ, ಟಿಪ್ಪಣಿಯಿರುವ ಪುಸ್ತಕವೇ ಬೇಕು.

ಆಕಾರವನ್ನೂ ಗಮನಿಸಿ: ಹೊಕುಸಾಯ್‌ನದು ಅಡ್ಡ, ಇದು ಉದ್ದ, ಕಿಟಕಿ ಪಕ್ಕದ ಕಿರುಗೋಡೆಗೆ ಎರಡನೆಯದೇ ಒಪ್ಪುತ್ತದೆ. ಒಂದೇ ಚಿತ್ರ ತೂಗುಹಾಕುವುದಾದರೆ ಮಾತ್ರ ನನ್ನ ಓಟು ಆ ಹೊಗೆಗೆ.