ಮೊದಲೇ ಮಾಡಿಸಿದ ಪಾಸೋ, ಆಮೇಲೆ ಬರೆಸಿದ ಪತ್ರವೋ?

ಪ್ರವಾಹ ಇಳಿದಿದೆ, ರಸ್ತೆಗೆ ಇನ್ನೂ ಬ್ಯಾರಿಕೇಡ್. ಒಳಗಿನ ಸರ್ವರ್ ಕೋಣೆಗೆ ನಿಮ್ಮ ಕಂಪನಿಯ ಇಬ್ಬರು ನೌಕರರು ಹೋಗಲೇಬೇಕು. ಬ್ಯಾರಿಕೇಡ್ ದಾಟಲು ಅವರು ಪೊಲೀಸರಿಗೆ ಏನು ತೋರಿಸಬೇಕು?

ಕಂಪನಿಯ ಲೆಟರ್‌ಹೆಡ್ ಪತ್ರಕ್ಕೆ ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಆದರೆ ಬ್ಯಾರಿಕೇಡ್ ಬಳಿ ನಿಂತ ಪೊಲೀಸರು ಅದನ್ನು ನಂಬಲೇಬೇಕೆಂದೇನಿಲ್ಲ. ಸಹಿ ಯಾರದು? ಫೋನ್ ಮಾಡಿ ಕೇಳೋಣವೆಂದರೆ ನೆಟ್‌ವರ್ಕೂ ಇರುವುದಿಲ್ಲ.

ಕೆಲವೆಡೆ ಸ್ಥಳೀಯ ಆಡಳಿತ ಮುಂಚೆಯೇ ಕೊಡುವ ಫೋಟೊ ಪಾಸ್‌ಗೆ ನೋಂದಣಿ, ನವೀಕರಣದ ರಗಳೆ ಇದೆ. ಕೆಲಸ ಬಿಟ್ಟವರಿಂದ ಕಾರ್ಡ್ ವಾಪಸ್ ಪಡೆಯುವುದಂತೂ ಮರೆತೇ ಹೋಗುತ್ತದೆ. ಆದರೂ ಪೊಲೀಸರಿಗೆ ಅದರ ಗುರುತಿರುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ ಚಂಡಮಾರುತದ ನಂತರ ಹಂತಹಂತವಾಗಿ ಒಳಬಿಡುವ ಪದ್ಧತಿಯಿದೆ. ತುರ್ತು ರಕ್ಷಣಾ ಕಾರ್ಯದ ಸಿಬ್ಬಂದಿ ಮೊದಲು, ನಿವಾಸಿಗಳು ಕೊನೆಗೆ. ಅಂದರೆ ಪಾಸ್ ಇದ್ದರೂ ಸರದಿ ಕಾಯಬೇಕು.

ನಾನಾದರೆ ಪಾಸನ್ನೇ ಮಾಡಿಸುತ್ತೇನೆ. ಎಲ್ಲರಿಗಲ್ಲ, ಜನರೇಟರ್ ಚಾಲೂ ಮಾಡಲು ಬರುವವರಿಗೆ, ಬೀಗದ ಕೈ ಇರುವವರಿಗೆ ಮಾತ್ರ.