ಸ್ವಂತ ಎಚ್‌ಆರ್ ಅಧಿಕಾರಿಯೋ, ಹೊರಗಿನ ಏಜೆನ್ಸಿಯೋ?

ಬೆಳಗಾವಿಯ ಉದ್ಯಮಬಾಗದಲ್ಲಿ ಐವತ್ತರಷ್ಟು ಕಾರ್ಮಿಕರಿರುವ ಫೌಂಡ್ರಿ (ಲೋಹ ಎರಕದ ಕಾರ್ಖಾನೆ) ನಡೆಸುವವರಿಗೆ ಮಾನವ ಸಂಪನ್ಮೂಲ (ಎಚ್‌ಆರ್) ನಿರ್ವಹಣೆಯನ್ನು ಯಾರಿಗೆ ಒಪ್ಪಿಸಬೇಕೆಂಬ ಪ್ರಶ್ನೆ ಸಣ್ಣದಲ್ಲ.

ಲೆಕ್ಕಪತ್ರದ ಮಟ್ಟಿಗೆ ಏಜೆನ್ಸಿಯೇ ಮೇಲು. ಹತ್ತು ಕಾರ್ಮಿಕರಾದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ), ಇಪ್ಪತ್ತಾದರೆ ಭವಿಷ್ಯ ನಿಧಿ ಅನ್ವಯಿಸುತ್ತದೆ. ಪ್ರತಿ ತಿಂಗಳು 15ನೇ ತಾರೀಖಿನೊಳಗೆ ವಂತಿಗೆ ಕಟ್ಟಬೇಕು. ಹಲವು ಕಾರ್ಖಾನೆಗಳಿಗೆ ಇದೇ ಕೆಲಸ ಮಾಡುವ ಏಜೆನ್ಸಿಗೆ ಇದು ಕರತಲಾಮಲಕ. ಆದರೆ ಕಾನೂನಿನ ಹೊಣೆ ಮಾಲೀಕರ ಮೇಲೆಯೇ ಉಳಿಯುವುದರಿಂದ ವಂತಿಗೆ ಕಟ್ಟಿದ ಚಲನ್ ಪ್ರತಿಯನ್ನು ತಿಂಗಳು ತಿಂಗಳೂ ತಪ್ಪದೆ ಕೇಳಿ ಪಡೆಯಿರಿ.

ಜನರ ವಿಷಯಕ್ಕೆ ಬಂದರೆ ಸ್ವಂತ ಅಧಿಕಾರಿಗೆ ಸಾಟಿಯಿಲ್ಲ. ಕರಗಿದ ಲೋಹವನ್ನು ಅಚ್ಚಿಗೆ ಸುರಿಯುವ ಜಾಗದಲ್ಲಿ ಹೊಸಬನನ್ನು ಯಾವ ಹಿರಿಯ ಮೋಲ್ಡರ್ (ಅಚ್ಚು ತಯಾರಿಸುವವನು) ಜೊತೆ ನಿಲ್ಲಿಸಬೇಕು, ಎರಡು ದಿನದಿಂದ ಕೈಗವಸು ಹರಿದಿದ್ದರೂ ಕೇಳಲು ಸಂಕೋಚಪಡುತ್ತಿರುವವನು ಯಾರು ಎಂಬುದು ಶಿಫ್ಟ್ ಬದಲಾಗುವ ಹೊತ್ತಿಗೆ ಅಲ್ಲಿ ನಿಂತು ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಿಸುವವರಿಗೆ ಮಾತ್ರ ತಿಳಿಯುತ್ತದೆ. ಸವದತ್ತಿ ಯಲ್ಲಮ್ಮನ ಜಾತ್ರೆಗೂ ಕಬ್ಬಿನ ಕಟಾವಿಗೂ ಯಾರು ರಜೆ ಹಾಕುತ್ತಾರೆಂಬುದನ್ನು ಅವರು ಮೊದಲೇ ಅರಿತು ಪಾಳಿ ಹೊಂದಿಸುತ್ತಾರೆ. ಹಾಜರಿ ಪಟ್ಟಿಯನ್ನಷ್ಟೇ ನೋಡುವ ಏಜೆನ್ಸಿಗೆ ಅದು ಬರೀ ಗೈರುಹಾಜರಿ.

ಇಪ್ಪತ್ತೈದು ಕಾರ್ಮಿಕರೊಳಗಿನ ಘಟಕಕ್ಕೆ ಏಜೆನ್ಸಿ ಸಾಕು, ಏಕೆಂದರೆ ಅಲ್ಲಿ ಮಾಲೀಕರೇ ಎಲ್ಲರನ್ನೂ ಹೆಸರು ಹಿಡಿದು ಕರೆಯಬಲ್ಲರು. ಐವತ್ತರ ಹತ್ತಿರ ಬಂದವರು ವೇತನದ ಲೆಕ್ಕವನ್ನು ಏಜೆನ್ಸಿಗೆ ಬಿಟ್ಟು, ನೇಮಕಾತಿ, ತರಬೇತಿ, ಕುಂದುಕೊರತೆಗಳಿಗೆ ಒಬ್ಬ ಸ್ವಂತ ಅಧಿಕಾರಿಯನ್ನು ಇಟ್ಟುಕೊಳ್ಳುವುದೇ ಸರಿಯೆಂದು ನನ್ನ ಅಭಿಪ್ರಾಯ.