ಹಳೆಯ ವಕಾಲತ್ತು ರದ್ದಾಗುವ ತನಕ ಸಹಿ ಹಾಕಬೇಡಿ

ಜೇವರ್ಗಿ ರಸ್ತೆಯಲ್ಲಿ ಟೆಂಪೊ ಗುದ್ದಿ ಅಪ್ಪನ ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಒಳಗೆ ರಾಡು ಹಾಕಿದ್ದಾರೆ. ತೊಗರಿ ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದವರು ಈಗ ಮನೆಯ ಕಟ್ಟೆ ಹತ್ತಲು ಕೋಲು ಹುಡುಕುತ್ತಾರೆ.

ಕಲಬುರಗಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ 12 ಲಕ್ಷ ಕೇಳಿ ಅರ್ಜಿ ಹಾಕಿದೆವು. ವಕೀಲರ ಹೆಸರು ಇಲ್ಲಿ ಬೇಡ. “ಈಗ ಒಂದು ರೂಪಾಯಿಯೂ ಬೇಡ, ಬಂದದ್ದರಲ್ಲಿ ಶೇಕಡಾ 20 ಕೊಡಿ” ಎಂದಾಗ ಎಂಥ ದೊಡ್ಡ ಮನಸ್ಸು ಎಂದುಕೊಂಡೆವು. ಪರಿಹಾರದಲ್ಲಿ ಪಾಲು ಮಾತಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ ಎಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಒಂದೂವರೆ ವರ್ಷ ಗುಮಾಸ್ತ ಚೀಟಿಯ ಮೇಲೆ ಮುಂದಿನ ತಾರೀಖು ಬರೆದು ಕೊಟ್ಟದ್ದೇ ಬಂತು. ಬೇಸತ್ತು ಬೇರೆ ವಕೀಲರ ಬಳಿ ಹೋದೆವು. ಅವರು “ಹಳಬರಿಂದ ನಿರಾಕ್ಷೇಪಣೆ, ಅಂದರೆ ಬೇರೆ ವಕೀಲರನ್ನು ಇಟ್ಟುಕೊಳ್ಳಲು ತಕರಾರಿಲ್ಲ ಎಂಬ ಪತ್ರ, ಬರೆಸಿಕೊಂಡು ಬನ್ನಿ” ಎಂದರು. ಹಳಬರು “40 ಸಾವಿರ ಇಟ್ಟು ಫೈಲು ಒಯ್ಯಿರಿ” ಎಂದರು. ಅಲ್ಲಿಗೆ ನಾವು ಕೈಚೆಲ್ಲಿದ್ದೇ ತಪ್ಪು. ಶುಲ್ಕ ಬಾಕಿ ಇದೆಯೆಂದು ವಕೀಲರು ಕಕ್ಷಿದಾರನ ಕಾಗದಪತ್ರ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿಯೇ ಹೇಳಿದೆ. ನಿರಾಕ್ಷೇಪಣೆ ಸಿಗದಿದ್ದರೆ, ವಕಾಲತ್ತು (ನಮ್ಮ ಪರ ವಾದಿಸಲು ವಕೀಲರಿಗೆ ಸಹಿ ಮಾಡಿ ಕೊಟ್ಟ ಅಧಿಕಾರಪತ್ರ) ಕೊನೆಗೊಳಿಸಲು ಅನುಮತಿ ಕೊಡಿ ಎಂದು ನೇರವಾಗಿ ನ್ಯಾಯಾಲಯಕ್ಕೇ ಬರೆದುಕೊಡಬಹುದಿತ್ತು. ನಾವೋ, “ಇನ್ನು ನೀವು ಬೇಡ” ಎಂದು ಬಾಯಲ್ಲಿ ಹೇಳಿ ಎದ್ದು ಬಂದೆವು. ನ್ಯಾಯಾಲಯದ ಕಡತದಲ್ಲಿ ಅವರೇ ನಮ್ಮ ವಕೀಲರಾಗಿ ಉಳಿದರು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ ಸಂಖ್ಯೆ ಹಾಕಿದರೆ ವಕೀಲರ ಹೆಸರೂ ಮುಂದಿನ ತಾರೀಖೂ ಕಾಣುತ್ತವೆ. ಅಷ್ಟನ್ನೂ ನೋಡಲಿಲ್ಲ.

ಒಂದು ಶನಿವಾರ ಗುಮಾಸ್ತ ಅಪ್ಪನಿಗೆ ಫೋನು ಮಾಡಿದ. ನಾನು ಸೇಡಂನಲ್ಲಿ ಕೆಲಸದ ಮೇಲಿದ್ದೆ. ಅಪ್ಪ ಒಬ್ಬರೇ ಬಸ್ಸು ಹತ್ತಿ ಹೋದರು. “ಮೂರು ಕಡೆ ಸಹಿ ಮಾಡಿ ಕಾಕಾ, ಇಲ್ಲಿಗೆ ಮುಗಿಯಿತು” ಎಂದನಂತೆ. ಆ ವಕೀಲರ ಋಣ ಮುಗಿಯಿತು ಎಂದು ತಿಳಿದು ಅಪ್ಪ ಖುಷಿಯಿಂದಲೇ ಸಹಿ ಮಾಡಿದ್ದಾರೆ. ಮುಗಿದದ್ದು ಮೊಕದ್ದಮೆ. ಅದು ಲೋಕ ಅದಾಲತ್ತಿನ ರಾಜಿ ಪತ್ರ, ಮೊತ್ತ 2 ಲಕ್ಷ 40 ಸಾವಿರ.

ಲೋಕ ಅದಾಲತ್ತನ್ನು ನಾನು ದೂರುವುದಿಲ್ಲ. ಅಲ್ಲಿ ಮೊತ್ತ ಒಪ್ಪಿಗೆಯಾಗದಿದ್ದರೆ “ಬೇಡ” ಎನ್ನಬಹುದು, ಪ್ರಕರಣ ನ್ಯಾಯಮಂಡಳಿಗೇ ಮರಳುತ್ತದೆ. ಆದರೆ ಒಪ್ಪಿ ಸಹಿ ಬಿದ್ದ ಮೇಲೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಅದೇ ಅಂತಿಮ, ಮೇಲ್ಮನವಿ ಇಲ್ಲ. ನ್ಯಾಯಮಂಡಳಿಯೇ ಕಡಿಮೆ ಕೊಟ್ಟಿದ್ದರೆ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದಿತ್ತು; ಅದರ ಪೀಠ ಕಲಬುರಗಿಯಲ್ಲೇ ಇದೆ. ಈಗ ಉಳಿದಿರುವುದು, ಮೋಸವಾಗಿದೆ ಎಂದು ರಿಟ್ ಅರ್ಜಿ ಹಾಕುವ ಸಣ್ಣ ಕಿಂಡಿ. “ಸಹಿ ನಿಮ್ಮಪ್ಪನದೇ ಅಲ್ಲವೇ?” ಎಂದು ಹೊಸ ವಕೀಲರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಶೇಕಡಾ 20 ಎಣಿಸಿಕೊಂಡ ಮೇಲೆ ಫೈಲು ತಾನಾಗಿಯೇ ಕೈಗೆ ಬಂತು. ಕಾಲಿನ ಊನ ಎಷ್ಟೆಂದು ವೈದ್ಯರು ಬರೆದುಕೊಟ್ಟ ಪ್ರಮಾಣಪತ್ರಕ್ಕಾಗಿ ಅಪ್ಪನನ್ನು ಆಟೊದಲ್ಲಿ ಮೂರು ಸಲ ಕರೆದೊಯ್ದಿದ್ದೆ. ಪರಿಹಾರದ ಲೆಕ್ಕವೆಲ್ಲ ನಿಲ್ಲುವುದು ಅದರ ಮೇಲೆ. ಅದು ಫೈಲಿನ ತಳದಲ್ಲಿತ್ತು, ನಾನು ಅಂಟಿಸಿ ಕೊಟ್ಟಿದ್ದ ಲಕೋಟೆಯನ್ನು ಯಾರೂ ಒಡೆದಿರಲಿಲ್ಲ.